ಎಕರೆಗೆ ಒಂದು ಗುಂಟೆ ಕಡಮೆ

ಹೋದ ಬೇಸಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಬಲವಂತಕ್ಕೆ ಕಟ್ಟುಬಿದ್ದು ಅಮೆರಿಕದ ಮಿನ್ನೆಸೋಟ ರಾಜ್ಯಕ್ಕೆ ಹೋಗಿದ್ದೆ. ಹಿಂದಿನ ಬೆಂಚಿನಲ್ಲಿ ಕುಳಿತು ಹಳಗನ್ನಡದ ಪಾಠಕ್ಕೆ ಆಕಳಿಸುತ್ತಿದ್ದ ಹುಡುಗ ಈಗ ಅಲ್ಲಿ ಕಂಪ್ಯೂಟರ್ ಎಂಜಿನಿಯರ್. ಒಂದು ಭಾನುವಾರ ಅವನು ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಸೇಂಟ್ ಕ್ರಾಯ್ ಎಂಬ ನದಿಯ ದಂಡೆಗೆ ಕರೆದೊಯ್ದ. ಈಚಿನ ದಡ ಮಿನ್ನೆಸೋಟ, ಆಚಿನ ದಡ ವಿಸ್ಕಾನ್ಸಿನ್. ಕೆಳಗೆ ಪ್ರೆಸ್ಕಾಟ್ ಎಂಬ ಊರಿನ ಬಳಿ ಅದು ಮಿಸಿಸಿಪ್ಪಿಯನ್ನು ಕೂಡಿಕೊಳ್ಳುತ್ತದೆ. ಕೂಡುವುದಕ್ಕೆ ಮುಂಚೆ ಹಲವು ಮೈಲಿಗಳ ತನಕ ಅದು ನದಿಯಂತೆ ಹರಿಯುವುದಿಲ್ಲ, ಕೆರೆಯಂತೆ ನಿಂತಿರುತ್ತದೆ. ಎರಡು ಕಡೆಯೂ ಕಡಿದಾದ ದಿಣ್ಣೆ, ದಿಣ್ಣೆಯ ತುಂಬ ಮರ, ನೀರಿನ ಮೇಲೆ ಬಿಳಿಯ ಹಾಯಿದೋಣಿಗಳು.

ಬೆಂಗಳೂರಿನಿಂದ ಹೋದವನಲ್ಲವೆ? ನನಗೆ ಮೊದಲು ತೋರಿದ ಸಂದೇಹ ಇದು: “ಇಷ್ಟು ಚೆಲುವಾದ ದಂಡೆಯ ಮೇಲೆ ಮನೆಗಳು ಏಕಪ್ಪ ಇಷ್ಟು ವಿರಳ?” ಹುಡುಗ ನಕ್ಕ. “ಅದಕ್ಕೊಂದು ವ್ಯಾಜ್ಯವೇ ನಡೆದಿದೆ ಸಾರ್. ಇಲ್ಲಿಂದ ಕೆಳಗೆ, ಆಚೆಯ ದಡದಲ್ಲಿ, ಎರಡು ಸೈಟುಗಳ ಮೇಲೆ. ಸುಪ್ರೀಂ ಕೋರ್ಟಿನ ತನಕ ಹೋಯಿತು” ಎಂದ. ಸೈಟು ಎಂಬ ಮಾತು ಕಿವಿಗೆ ಬಿದ್ದ ಮೇಲೆ ನಮ್ಮೂರಿನ ಮಧ್ಯಮವರ್ಗದವನು ಸುಮ್ಮನಿರುವುದುಂಟೆ? ಊರಿಗೆ ಹಿಂತಿರುಗಿದ ಮೇಲೆ ಆ ತೀರ್ಪನ್ನು ತರಿಸಿಕೊಂಡು ಓದಿದೆ. ಅದರ ಹಿಂದಿನ ಕಾನೂನುಗಳನ್ನು ಓದಿದೆ, ಅವುಗಳ ಹಿಂದಿನ ಚರಿತ್ರೆಯನ್ನೂ ಓದಿದೆ. ಕಾನೂನು ನನ್ನ ವಿಷಯವಲ್ಲ. ಆದರೆ ಓದುತ್ತ ಹೋದಂತೆ ಇದು ಬರಿಯ ಕಾನೂನಿನ ಕಥೆಯಲ್ಲವೆಂದು ತೋರಿತು. ಮಕ್ಕಳಿಗೆ ಒಂದಿಷ್ಟು ನೆಲ ಬಿಟ್ಟುಹೋಗಬೇಕೆಂಬ ತಂದೆತಾಯಿಯರ ಆಸೆಗೂ, ಮುಂದಿನವರಿಗೆ ಒಂದು ನದಿಯನ್ನು ಬಿಟ್ಟುಹೋಗಬೇಕೆಂಬ ಸಮಾಜದ ಆಸೆಗೂ ನಡುವೆ ನಡೆದ ತಿಕ್ಕಾಟ ಅದು. ಎರಡೂ ಒಳ್ಳೆಯ ಆಸೆಗಳೇ. ತೊಡಕು ಇರುವುದೂ ಅಲ್ಲೇ.

ನನ್ನ ತಂದೆ ಗುಮಾಸ್ತರಾಗಿದ್ದರು. ತಮ್ಮ ಸೇವೆಯ ಕೊನೆಗಾಲದಲ್ಲಿ ಊರ ಹೊರಗೆ 20 ಅಡಿ ಅಗಲ, 30 ಅಡಿ ಉದ್ದದ ಎರಡು ಸೈಟುಗಳನ್ನು ಒತ್ತಾಗಿ ಕೊಂಡರು. ಒಂದು ತಮ್ಮ ಹೆಸರಿಗೆ, ಇನ್ನೊಂದು ತಾಯಿಯ ಹೆಸರಿಗೆ. “ಇಬ್ಬರು ಮಕ್ಕಳು, ಎರಡು ಸೈಟು, ಮುಂದೆ ಜಗಳ ಬೇಡ” ಎಂಬುದು ಅವರ ಲೆಕ್ಕ. ಸೇಂಟ್ ಕ್ರಾಯ್ ದಂಡೆಯ ಆ ಕುಟುಂಬದ ಹಿರಿಯರೂ ಹೀಗೆಯೇ ಎರಡು ಸೈಟುಗಳನ್ನು ಒತ್ತಾಗಿ ಕೊಂಡು, ಎರಡು ಬೇರೆ ಹೆಸರುಗಳಲ್ಲಿ ಇಟ್ಟಿದ್ದರು. ಆ ಎರಡು ಹೆಸರು ಒಂದಾದದ್ದರಿಂದಲೇ ಅನರ್ಥವಾಯಿತೆಂದರೆ ಓದುಗರು ನಂಬಲಾರರು. ಅದನ್ನು ಹೇಳುವುದಕ್ಕೆ ಮೊದಲು, ಒಂದು ಸೈಟು “ಅಳತೆಗೆ ಸಾಲದು” ಎಂದು ಹೇಳುವ ಅಧಿಕಾರ ಸರಕಾರಕ್ಕೆ ಬಂದದ್ದು ಹೇಗೆಂಬುದನ್ನು ನೋಡಬೇಕು.

ಕಥೆ ಆರಂಭವಾಗುವುದು ನ್ಯೂಯಾರ್ಕ್ ನಗರದಲ್ಲಿ. 1915ರಲ್ಲಿ ಅಲ್ಲಿನ ಬ್ರಾಡ್‌ವೇ ಬೀದಿಯಲ್ಲಿ ಇಕ್ವಿಟಬಲ್ ಕಟ್ಟಡವೆಂಬುದೊಂದು ಎದ್ದಿತು. ಅದು ನಿಂತ ನೆಲ ಒಂದು ಎಕರೆಗೂ ಸ್ವಲ್ಪ ಕಡಮೆ. ಅದರ ಮೇಲೆ 38 ಅಂತಸ್ತುಗಳು ಗೋಡೆ ಹಿಡಿದಂತೆ ನೆಟ್ಟಗೆ ಮೇಲೇರಿದ್ದವು. ಒಳಗಿನ ನೆಲಹಾಸು ಸುಮಾರು 12 ಲಕ್ಷ ಚದರಡಿ. ಸುತ್ತಲಿನ ಮನೆ ಅಂಗಡಿಗಳಿಗೆ ಬಿಸಿಲು ಕಾಣದಂತಾಯಿತು. ನನ್ನ ನೆಲದಲ್ಲಿ ನಾನು ಏನು ಬೇಕಾದರೂ ಕಟ್ಟುವೆನೆಂಬ ಮಾತಿಗೆ ಎಲ್ಲೆ ಎಲ್ಲಿ ಎಂದು ಜನ ಕೇಳಿದರು. 1916ರ ಜುಲೈ ತಿಂಗಳಲ್ಲಿ ನ್ಯೂಯಾರ್ಕ್ ನಗರ ತನ್ನ ನೆಲವನ್ನೆಲ್ಲ ವಲಯಗಳಾಗಿ ವಿಂಗಡಿಸಿತು. ಯಾವ ವಲಯದಲ್ಲಿ ಏನು ಇರಬಹುದು, ಎಷ್ಟು ಎತ್ತರ ಏರಬಹುದು, ಎಷ್ಟು ಜಾಗ ಬಿಡಬೇಕು ಎಂದು ನಿಬಂಧನೆ ಮಾಡಿತು. ಇಡೀ ನಗರಕ್ಕೆ ಅನ್ವಯಿಸುವಂತೆ ಹೀಗೆ ವಲಯ ನಿಬಂಧನೆ ಆ ದೇಶದಲ್ಲಿ ಬಂದದ್ದು ಅದೇ ಮೊದಲು.

ಅದನ್ನು ರೂಪಿಸಿದವರಲ್ಲಿ ಮುಖ್ಯನಾದವನು ಎಡ್ವರ್ಡ್ ಬ್ಯಾಸೆಟ್ ಎಂಬ ವಕೀಲ. ವಕೀಲನಾದ್ದರಿಂದಲೇ ಅವನಿಗೆ ಒಂದು ಸಂಗತಿ ಗೊತ್ತಿತ್ತು: ನಕ್ಷೆಯ ಮೇಲೆ ಗೆರೆ ಎಳೆಯುವವನಿಗೆ ನೆಲದ ಮೇಲಿನ ಪ್ರತಿಯೊಂದು ಮೂಲೆಯೂ ಕಾಣುವುದಿಲ್ಲ. ಒಬ್ಬನ ಸೈಟು ತ್ರಿಕೋಣವಾಗಿರಬಹುದು, ಇನ್ನೊಬ್ಬನದರ ನಡುವೆ ಬಂಡೆಯಿರಬಹುದು, ಮತ್ತೊಬ್ಬನದು ಹಳ್ಳಕ್ಕೆ ಜಾರಿರಬಹುದು. ಎಲ್ಲರಿಗೂ ಒಂದೇ ಗಜಕಡ್ಡಿ ಹಿಡಿದರೆ ಅಂಥವರಿಗೆ ಅನ್ಯಾಯವಾಗುತ್ತದೆ. ಅನ್ಯಾಯವಾದವರು ಕೋರ್ಟಿಗೆ ಹೋದರೆ ಕೋರ್ಟು ಇಡೀ ಕಾನೂನನ್ನೇ ಹೊಡೆದುಹಾಕಬಹುದು. ಆದ್ದರಿಂದ ಒಂದು ಮಂಡಲಿ ಇರಲಿ, ತೊಂದರೆಯಲ್ಲಿರುವವನು ಅದರ ಮುಂದೆ ಹೋಗಿ ಹೇಳಿಕೊಳ್ಳಲಿ, ಮಂಡಲಿ ಅವನೊಬ್ಬನ ಮಟ್ಟಿಗೆ ನಿಬಂಧನೆಯನ್ನು ಸಡಿಲಿಸಲಿ ಎಂದು ಏರ್ಪಾಡಾಯಿತು. ಕುಕ್ಕರಿನ ಮೇಲೆ ಹಬೆ ಬಿಡುವುದಕ್ಕೊಂದು ರಂಧ್ರವಿರುವುದಿಲ್ಲವೆ, ಅಂಥದೊಂದು ರಂಧ್ರ. ಇದನ್ನೇ ಅಲ್ಲಿನವರು ವೇರಿಯನ್ಸ್ ಎನ್ನುತ್ತಾರೆ. ನಾವು ವಿನಾಯಿತಿ ಎನ್ನೋಣ.

1921ರಲ್ಲಿ ವಾಣಿಜ್ಯ ಮಂತ್ರಿಯಾಗಿದ್ದ ಹರ್ಬರ್ಟ್ ಹೂವರ್, ಮುಂದೆ ಅಧ್ಯಕ್ಷನೂ ಆದವನು, ಒಂದು ಸಮಿತಿಯನ್ನು ನೇಮಿಸಿದ. ರಾಜ್ಯಗಳು ಹಾಗೆಯೇ ಎತ್ತಿಕೊಳ್ಳಬಹುದಾದ ಮಾದರಿ ವಲಯ ಕಾನೂನೊಂದನ್ನು ಆ ಸಮಿತಿ ಸಿದ್ಧಪಡಿಸಿತು. 1924ರಲ್ಲಿ ಅದು ಅಚ್ಚಾಯಿತು. ಅನಗತ್ಯವಾದ ಕಷ್ಟ ಒದಗಿದಲ್ಲಿ, ಕಾನೂನಿನ ಆಶಯಕ್ಕೆ ಭಂಗ ಬಾರದಂತೆ, ವಿನಾಯಿತಿ ಕೊಡಬಹುದೆಂಬ ಮಾತು ಅದರಲ್ಲಿತ್ತು. ಒಂದಾದ ಮೇಲೊಂದು ರಾಜ್ಯ ಅದನ್ನು ನಕಲು ಮಾಡಿಕೊಂಡಿತು. 1926ರ ನವೆಂಬರಿನಲ್ಲಿ, ಒಹಾಯೊ ರಾಜ್ಯದ ಯೂಕ್ಲಿಡ್ ಎಂಬ ಊರಿನ ಮೊಕದ್ದಮೆಯಲ್ಲಿ, ಅಮೆರಿಕದ ಸುಪ್ರೀಂ ಕೋರ್ಟು ವಲಯ ನಿಬಂಧನೆ ಸಂವಿಧಾನಕ್ಕೆ ವಿರುದ್ಧವಲ್ಲವೆಂದು ತೀರ್ಪಿತ್ತಿತು. ಹಂದಿ ಕೊಟ್ಟಿಗೆಯಲ್ಲಿದ್ದರೆ ಉಪದ್ರವವಲ್ಲ, ನಡುಮನೆಗೆ ಬಂದರೆ ಉಪದ್ರವ ಎಂಬರ್ಥದ ಹೋಲಿಕೆಯೊಂದನ್ನು ಕೊಟ್ಟು ನ್ಯಾಯಮೂರ್ತಿ ಸದರ್‌ಲ್ಯಾಂಡ್ ವಿಷಯವನ್ನು ವಿಶದಪಡಿಸಿದರು.

ಇದೆಲ್ಲ ನಗರದ ಮಾತಾಯಿತು. ನಾಲ್ಕು ತಿಂಗಳು ಜನ ಬಂದು ಈಜಿ, ಮೀನು ಹಿಡಿದು, ಹಿಮ ಬೀಳುವ ಹೊತ್ತಿಗೆ ಬಾಗಿಲು ಹಾಕಿ ಹೊರಟುಹೋಗುವ ಕಾಡುಪ್ರದೇಶಕ್ಕೆ ವಲಯದ ಕಾನೂನು ಬಂದದ್ದು ಏಕೆ? ಅದಕ್ಕೂ ಉತ್ತರ ವಿಸ್ಕಾನ್ಸಿನ್ನಿನಲ್ಲೇ ಇದೆ. ಆ ರಾಜ್ಯದ ಉತ್ತರ ಭಾಗವೆಲ್ಲ ಒಂದು ಕಾಲಕ್ಕೆ ಬಿಳಿಯ ಪೈನ್ ಮರಗಳ ಮಹಾರಣ್ಯವಾಗಿತ್ತು. 19ನೆಯ ಶತಮಾನದಲ್ಲಿ ಅದನ್ನೆಲ್ಲ ಕಡಿದು ನದಿಗಳಲ್ಲಿ ತೇಲಿಬಿಟ್ಟರು. ಸೇಂಟ್ ಕ್ರಾಯ್ ನದಿಯ ಮೇಲೆ ಸ್ಟಿಲ್‌ವಾಟರ್ ಊರಿನ ಬಳಿ ಆ ದಿಮ್ಮಿಗಳನ್ನು ತಡೆದು ವಿಂಗಡಿಸುವ ದೊಡ್ಡ ಕಟ್ಟೆಯೇ ಇತ್ತು. 1914ರಲ್ಲಿ ಕೊನೆಯ ದಿಮ್ಮಿ ಅದನ್ನು ದಾಟಿತು. ಅಲ್ಲಿಗೆ ಕಾಡು ಮುಗಿಯಿತು. ಬೋಳಾದ ನೆಲವನ್ನು ಬೇಸಾಯಕ್ಕೆಂದು ಮಾರಿದರು. ಮಣ್ಣು ಬಡದು, ಬೇಸಗೆ ಮೋಟು. ರೈತರು ಸೋತರು, ಕಂದಾಯ ನಿಂತಿತು. ಅಲ್ಲೊಂದು ಇಲ್ಲೊಂದು ಉಳಿದ ಒಂಟಿ ಮನೆಗಾಗಿ ಜಿಲ್ಲೆಗಳು ರಸ್ತೆ ಹಾಕಬೇಕು, ಶಾಲೆ ನಡೆಸಬೇಕು. ಹೊರೆ ತಾಳಲಾರದೆ ರಾಜ್ಯ 1929ರಲ್ಲಿ ಜಿಲ್ಲೆಗಳಿಗೆ ಬೇಸಾಯ, ಅರಣ್ಯ, ವಿಹಾರ ಎಂದು ನೆಲವನ್ನು ವಿಂಗಡಿಸುವ ಅಧಿಕಾರ ಕೊಟ್ಟಿತು. 1933ರಲ್ಲಿ ಒನೈಡ ಜಿಲ್ಲೆ ಅದನ್ನು ಬಳಸಿತು. ಗ್ರಾಮಾಂತರ ಪ್ರದೇಶಕ್ಕೆ ವಲಯ ನಿಬಂಧನೆ ಅಮೆರಿಕದಲ್ಲಿ ಅದೇ ಮೊದಲು. ಅರಣ್ಯ ವಲಯದಲ್ಲಿ ವರ್ಷವಿಡೀ ವಾಸ ಮಾಡಕೂಡದು. ಬೇಸಗೆಯ ಕ್ಯಾಬಿನ್ನು, ಬೇಟೆಯ ಗುಡಿಸಲು ಮಾತ್ರ ಇರಬಹುದು. ಒಂದು ಮನೆಗೆ ಋತುವನ್ನು ಗೊತ್ತುಮಾಡಿದ ಕಾನೂನು!

ಮುಂದೆ ಕಾರುಗಳು ಬಂದುವು. ಎರಡನೆಯ ಮಹಾಯುದ್ಧ ಮುಗಿದು ಕೈಯಲ್ಲಿ ಹಣವೂ ರಜೆಯೂ ಕೂಡಿದಾಗ, ನಗರದ ಬಡಗಿ, ಕೊಳಾಯಿ ಕೆಲಸದವ, ಶಾಲೆಯ ಮೇಷ್ಟರು, ಎಲ್ಲರಿಗೂ ನೀರಿನ ದಂಡೆಯ ಮೇಲೊಂದು ಕ್ಯಾಬಿನ್ನು ಬೇಕೆನಿಸಿತು. ಸರೋವರದ ಅಂಚನ್ನೆಲ್ಲ ಬ್ರೆಡ್ಡಿನ ಹೋಳುಗಳಂತೆ ಕೊಯ್ದು ಮಾರಿದರು. ನೀರಿನ ಕಡೆಗೆ ಕಿರಿದಾದ ಮುಖ, ಹಿಂದಕ್ಕೆ ಉದ್ದ. ಹಾಗೆ ಕೊಯ್ದರೆ ಹೆಚ್ಚು ಜನಕ್ಕೆ ನೀರು ಸಿಕ್ಕುತ್ತದಲ್ಲ! ನಾಲ್ಕು ತಿಂಗಳಿರುವ ಗುಡಿಸಲಿಗೆ ಎಷ್ಟು ನೆಲ ಬೇಕು? ಯಾರೂ ಕೇಳಲಿಲ್ಲ. ಆದರೆ ಅಂಥ ಕಡೆ ಒಳಚರಂಡಿಯಿಲ್ಲ. ಪ್ರತಿ ಮನೆಗೂ ಒಂದು ಬಾವಿ, ಒಂದು ಮಲಗುಂಡಿ. ಗುಂಡಿಯಿಂದ ಬಸಿದ ನೀರು ಮಣ್ಣಿನಲ್ಲಿ ಸಾಕಷ್ಟು ದೂರ ಹರಿದು ಶುದ್ಧವಾಗದಿದ್ದರೆ ನೆರೆಯವನ ಬಾವಿಗೆ ಸೇರುತ್ತದೆ, ಇಲ್ಲವೇ ಸರೋವರಕ್ಕೆ ಸೇರುತ್ತದೆ. ಸರೋವರ ಪಾಚಿಗಟ್ಟುತ್ತದೆ. ಕನಿಷ್ಠ ಇಷ್ಟು ಅಳತೆಯಿರಬೇಕೆಂಬ ನಿಬಂಧನೆ ಶ್ರೀಮಂತರ ಬಿಂಕದಿಂದ ಹುಟ್ಟಿದ್ದಲ್ಲ. ಅದರ ಬುಡದಲ್ಲಿ ಈ ಬಾವಿ ಮತ್ತು ಗುಂಡಿಯ ಲೆಕ್ಕವಿದೆ. 1966ರಲ್ಲಿ ಜಾರಿಗೆ ಬಂದ ವಿಸ್ಕಾನ್ಸಿನ್ನಿನ ಜಲಕಾನೂನು ದೇಶದಲ್ಲೇ ಮೊದಲ ಬಾರಿಗೆ ನೀರಿನ ದಂಡೆಗಳಿಗೆಲ್ಲ ಅಳತೆ ಗೊತ್ತುಮಾಡಿತು. ಅದರ ಅಡಿಯಲ್ಲಿ ಬಂದ ನಿಯಮಗಳ ಪ್ರಕಾರ ಚರಂಡಿಯಿಲ್ಲದ ಸೈಟು ಕನಿಷ್ಠ 20,000 ಚದರಡಿ ಇರಬೇಕು. ಎಂದರೆ ನಮ್ಮ ಲೆಕ್ಕದಲ್ಲಿ 18 ಗುಂಟೆಯ ಮೇಲೆ. ಮನೆ ನೀರಿನಿಂದ 75 ಅಡಿ ಹಿಂದೆ ಸರಿದಿರಬೇಕು.

ಅದಾಗಲೇ ಕೊಯ್ದು ಮಾರಿದ ಹೋಳುಗಳ ಗತಿಯೇನು? ಅಳತೆ ಬರುವುದಕ್ಕೆ ಮೊದಲೇ ಹುಟ್ಟಿದ್ದು ಅವುಗಳ ತಪ್ಪೆ? ವಿನಾಯಿತಿಯ ಮಂಡಲಿಗಳ ಮುಂದೆ ಅರ್ಜಿಗಳ ಸಾಲು ನಿಂತಿತು. ಅರ್ಜಿದಾರನು ಮೂರು ಸಂಗತಿಗಳನ್ನು ಸಿದ್ಧಪಡಿಸಬೇಕು. ನಿಬಂಧನೆಯಿಂದ ತನಗೆ ಅನಗತ್ಯವಾದ ಕಷ್ಟವಾಗಿದೆ. ಆ ಕಷ್ಟ ತನ್ನ ಸಂಸಾರದ ಸ್ಥಿತಿಯಿಂದ ಬಂದದ್ದಲ್ಲ, ನೆಲದ ವಿಶೇಷ ಸ್ವರೂಪದಿಂದ ಬಂದದ್ದು. ತನಗೆ ವಿನಾಯಿತಿ ಕೊಟ್ಟರೆ ಸಾರ್ವಜನಿಕ ಹಿತಕ್ಕೆ ಹಾನಿಯಿಲ್ಲ. ಎರಡನೆಯದನ್ನು ಓದುಗರು ಗಮನಿಸಬೇಕು. ಮಗಳ ಮದುವೆಗೆ ಹಣ ಬೇಕು, ಕುಟುಂಬ ಬೆಳೆದಿದೆ, ಮುದಿ ತಾಯಿಗೆ ಒಂದು ಕೋಣೆ ಬೇಕು ಎಂಬಿವು ಯಾವುವೂ ಅಲ್ಲಿ ಸಲ್ಲುವುದಿಲ್ಲ. ಮಂಡಲಿ ಕನಿಕರಪಡುವುದು ನೆಲದ ಮೇಲೆ, ನೆಲದ ಒಡೆಯನ ಮೇಲಲ್ಲ. ಕ್ರೂರವೆನಿಸುತ್ತದೆ. ಆದರೆ ಯೋಚಿಸಿದರೆ ಅದಕ್ಕೊಂದು ನ್ಯಾಯವಿದೆ: ಕಣ್ಣೀರು ಹಾಕಬಲ್ಲವನಿಗೆ ಒಂದು, ಹಾಕಲಾರದವನಿಗೆ ಒಂದು ಎಂದಾಗಬಾರದಲ್ಲ.

ಕಷ್ಟವೆಂದರೆ ಎಷ್ಟು ಕಷ್ಟ? ವಿಸ್ಕಾನ್ಸಿನ್ನಿನ ಸರ್ವೋಚ್ಚ ನ್ಯಾಯಾಲಯವೇ ಇದರ ಮೇಲೆ ಎರಡು ಮಾತಾಡಿದೆ. 1998ರಲ್ಲಿ ಕೆನೋಷ ಜಿಲ್ಲೆಯ ಸರೋವರದ ದಂಡೆಯೊಂದರ ಮನೆಯ ಮುಂದೆ ಜಗಲಿ ಕಟ್ಟಲು, 75 ಅಡಿಯ ನಿಬಂಧನೆಯಿಂದ ಮಂಡಲಿ ವಿನಾಯಿತಿ ಕೊಟ್ಟಿತ್ತು. ವಿನಾಯಿತಿಯಿಲ್ಲದೆ ಆ ನೆಲವನ್ನು ಬಳಸುವುದೇ ಸಾಧ್ಯವಿಲ್ಲವೆಂದಾದರೆ ಮಾತ್ರ ಅದು ಕಷ್ಟ, ಜಗಲಿಯಿಲ್ಲದ್ದು ಕಷ್ಟವಲ್ಲ ಎಂದು ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಆರು ವರ್ಷಗಳ ತರುವಾಯ, 2004ರಲ್ಲಿ, ಬಿಗ್ ಸೀಡರ್ ಸರೋವರದ ದಂಡೆಯ ಬೇಸಗೆ ಮನೆಯೊಂದರ ವ್ಯಾಜ್ಯ ಬಂತು. ಅದು ನೀರಿನಿಂದ 26 ಅಡಿ ದೂರದಲ್ಲಿತ್ತು. ಅದರ ಒಡೆಯರು ಅಲ್ಲಿ ವರ್ಷವಿಡೀ ನೆಲಸಬೇಕೆಂದು ಮೇಲಕ್ಕೆ ಹತ್ತಡಿ ಏರಿಸಲು ಬಯಸಿದ್ದರು. ಈ ಬಾರಿ ನ್ಯಾಯಾಲಯ ತನ್ನ ಹಿಂದಿನ ಬಿಗಿಯನ್ನು ಸಡಿಲಿಸಿತು. ನೆಲವನ್ನು ಬೇರೆ ಉದ್ದೇಶಕ್ಕೆ ತಿರುಗಿಸುವ ವಿನಾಯಿತಿ ಬೇರೆ, ಅಳತೆಯಲ್ಲಿ ಅಷ್ಟಿಷ್ಟು ಸರಿದೂಗಿಸುವ ವಿನಾಯಿತಿ ಬೇರೆ. ಎರಡನೆಯದಕ್ಕೆ ಅಷ್ಟು ಕಠಿಣವಾದ ಪರೀಕ್ಷೆ ಬೇಡ ಎಂದಿತು. ಆರು ವರ್ಷದಲ್ಲಿ ಸರೋವರಗಳು ಬದಲಾಗಿರಲಿಲ್ಲ, ಕಷ್ಟ ಎಂಬ ಮಾತಿನ ಅರ್ಥ ಬದಲಾಗಿತ್ತು. ಭಾಷೆಯ ಮೇಷ್ಟರಾದ ನಮಗೆ ಇದು ಹೊಸದಲ್ಲ. ಆದರೆ ನಮ್ಮ ಅರ್ಥವ್ಯತ್ಯಾಸಗಳಿಂದ ಯಾರ ಮನೆಯೂ ಏಳುವುದಿಲ್ಲ, ಬೀಳುವುದೂ ಇಲ್ಲ.

ಈಗ ಸೇಂಟ್ ಕ್ರಾಯ್ ದಂಡೆಗೆ ಹಿಂತಿರುಗೋಣ. ಕಾಡು ಕಡಿದು ಮುಗಿದ ಮೇಲೆ ನದಿ ತನ್ನಷ್ಟಕ್ಕೆ ತಾನು ಅರ್ಧ ಶತಮಾನ ಮಲಗಿತ್ತು. ದಿಣ್ಣೆಗಳ ಮೇಲೆ ಮತ್ತೆ ಮರ ಬೆಳೆದುವು. 1960ರ ದಶಕದ ನಡುವೆ ಅದರ ದಂಡೆಯ ಮೇಲೆ ದೊಡ್ಡ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಬರುವುದೆಂದಾಗ ಜನ ಎಚ್ಚತ್ತರು. ಸ್ಥಾವರವೇನೋ ಬಂತು. ಆದರೆ ಆ ಚಳವಳಿಯ ಕಾವು ಆರಲಿಲ್ಲ. ವಿಸ್ಕಾನ್ಸಿನ್ನಿನ ಗೇಲಾರ್ಡ್ ನೆಲ್ಸನ್ ಮತ್ತು ಮಿನ್ನೆಸೋಟದ ವಾಲ್ಟರ್ ಮಾಂಡೇಲ್, ಈ ಇಬ್ಬರು ಸೆನೆಟರುಗಳು ನದಿಯ ಪರವಾಗಿ ನಿಂತರು. 1970ರಲ್ಲಿ ಭೂದಿನವನ್ನು ಆರಂಭಿಸಿದವನೂ ಇದೇ ನೆಲ್ಸನ್. 1968ರಲ್ಲಿ ಅಮೆರಿಕದ ಶಾಸನಸಭೆ ನಿಸರ್ಗಸುಂದರವಾದ ನದಿಗಳನ್ನು ಕಾಪಾಡುವ ಕಾನೂನು ಮಾಡಿದಾಗ ಮೊದಲ ಎಂಟು ನದಿಗಳಲ್ಲಿ ಸೇಂಟ್ ಕ್ರಾಯ್‌ನ ಮೇಲುಭಾಗ ಒಂದಾಯಿತು. 1972ರಲ್ಲಿ ಕೆಳಭಾಗವೂ ಸೇರಿತು. ಅದಕ್ಕನುಸಾರವಾಗಿ ವಿಸ್ಕಾನ್ಸಿನ್ ರಾಜ್ಯ ಮಾಡಿದ ನಿಬಂಧನೆ 1976ರ ಜನವರಿ 1ರಿಂದ ಜಾರಿಗೆ ಬಂತು. ನದಿಯ ದಂಡೆಯಲ್ಲಿ ಮನೆ ಕಟ್ಟಲು ಕನಿಷ್ಠ ಒಂದು ಎಕರೆ ಕಟ್ಟಲು ಯೋಗ್ಯವಾದ ನೆಲವಿರಬೇಕು. ಕಡಿದಾದ ಇಳಿಜಾರು ಲೆಕ್ಕಕ್ಕಿಲ್ಲ.

ಹಳೆಯ ಕಿರಿಯ ಸೈಟುಗಳಿಗೆ ರಿಯಾಯಿತಿಯೂ ಅದರಲ್ಲೇ ಇತ್ತು. ನಿಬಂಧನೆಗೆ ಮೊದಲೇ ಹುಟ್ಟಿದ ಸೈಟು ಅಳತೆಗೆ ಸಾಲದಿದ್ದರೂ ಅಲ್ಲಿ ಮನೆ ಕಟ್ಟಬಹುದು. ಆದರೆ ಒಂದು ಷರತ್ತು: ಪಕ್ಕದ ಸೈಟು ಬೇರೆಯವರದಾಗಿರಬೇಕು. ಒತ್ತಾದ ಎರಡು ಕಿರಿಯ ಸೈಟುಗಳು ಒಬ್ಬರ ಕೈಗೇ ಬಂದರೆ ಅವು ಕೂಡಿ ಒಂದಾಗುತ್ತವೆ. ಅಲ್ಲಿಂದ ಮುಂದೆ ಒಂದನ್ನು ಬಿಟ್ಟು ಇನ್ನೊಂದನ್ನು ಮಾರುವಂತಿಲ್ಲ, ಎರಡರ ಮೇಲೂ ಮನೆ ಕಟ್ಟುವಂತಿಲ್ಲ. ಕಾಲ ಕಳೆದಂತೆ ಕಿರಿಯ ಸೈಟುಗಳು ತಾವಾಗಿಯೇ ಕರಗಿಹೋಗಲಿ, ಯಾರಿಗೂ ನೋವಾಗದಿರಲಿ ಎಂಬುದು ಶಾಸನಕಾರರ ಉಪಾಯ. ಜಾಣತನದ ಉಪಾಯವೇ ಸರಿ.

ಟ್ರಾಯ್ ಎಂಬ ಊರಿನ ಎಲ್ಲೆಯಲ್ಲಿ ಮರ್ ಎಂಬ ಮನೆತನದ ದಂಪತಿಗಳು 1960ರಲ್ಲಿ ಒಂದು ಸೈಟನ್ನು ಕೊಂಡು ಅಲ್ಲೊಂದು ಕ್ಯಾಬಿನ್ನು ಕಟ್ಟಿಕೊಂಡಿದ್ದರು. ಅದನ್ನು ತಮ್ಮ ಕೊಳಾಯಿ ಕೆಲಸದ ಕಂಪೆನಿಯ ಹೆಸರಿಗೆ ಮಾಡಿದರು. 1963ರಲ್ಲಿ ಪಕ್ಕದ ಸೈಟನ್ನು ಕೊಂಡು ತಮ್ಮ ಹೆಸರಿನಲ್ಲೇ ಇಟ್ಟುಕೊಂಡು, ಖಾಲಿ ಬಿಟ್ಟರು. ಒಂದೊಂದು ಸೈಟೂ ಸುಮಾರು 1.25 ಎಕರೆ, ಎಂದರೆ 50 ಗುಂಟೆ. ನಮ್ಮ 30×40ರ ಸೈಟುಗಳನ್ನು ಅದರಲ್ಲಿ ನಲವತ್ತೈದು ಕೂರಿಸಬಹುದು. ಅದು ಅಲ್ಲಿ ಅಳತೆಗೆ ಸಾಲದ ಸೈಟು! ನಗಬೇಡಿ. ಎರಡರ ನಡುವೆಯೂ ಕಡಿದಾದ ದಿಣ್ಣೆ ಹಾಯ್ದಿದೆ. ಮೇಲೆ ಒಂದಿಷ್ಟು ಸಮನೆಲ, ಕೆಳಗೆ ನೀರಿನ ಅಂಚಿನಲ್ಲಿ ಒಂದಿಷ್ಟು. ಕಟ್ಟಲು ಯೋಗ್ಯವಾದ ನೆಲವನ್ನಷ್ಟೇ ಎಣಿಸಿದರೆ ಎರಡೂ ಕೂಡಿ 0.98 ಎಕರೆ. ಎರಡು ಸೈಟು ಸೇರಿಸಿದರೂ ಒಂದು ಎಕರೆಗೆ ಒಂದು ಗುಂಟೆಯಷ್ಟು, ನಿಜವಾಗಿ ಅದಕ್ಕೂ ತುಸು ಕಡಮೆಯಷ್ಟು, ಕೊರತೆ.

1976ರಲ್ಲಿ ನಿಬಂಧನೆ ಬಂದಾಗ ಈ ಸೈಟುಗಳಿಗೆ ಏನೂ ಆಗಲಿಲ್ಲ. ಒಂದು ಕಂಪೆನಿಯದು, ಒಂದು ದಂಪತಿಗಳದು. ಎರಡು ಹೆಸರು, ಎರಡು ಸೈಟು. 1994ರಲ್ಲಿ ಮೊದಲನೆಯದನ್ನೂ 1995ರಲ್ಲಿ ಎರಡನೆಯದನ್ನೂ ಹಿರಿಯರು ಪ್ರೀತಿಯಿಂದ ಮಕ್ಕಳ ಹೆಸರಿಗೆ ಬರೆದುಕೊಟ್ಟರು. ಆ ಎರಡನೆಯ ಪತ್ರಕ್ಕೆ ರುಜು ಬಿದ್ದ ದಿನ, ಯಾರಿಗೂ ತಿಳಿಯದಂತೆ, ಎರಡು ಸೈಟು ಒಂದಾಯಿತು. ನಮ್ಮಲ್ಲಿ ಮಕ್ಕಳ ಕೈಗೆ ಬಂದ ನೆಲ ಎರಡಾಗುತ್ತದೆ, ನಾಲ್ಕಾಗುತ್ತದೆ. ಅಲ್ಲಿ ಮಕ್ಕಳ ಕೈಗೆ ಬಂದ ಎರಡು ನೆಲ ಒಂದಾಗಿ ಕೂತಿತು.

ಸುಮಾರು ಹತ್ತು ವರ್ಷ ಕಳೆದ ಮೇಲೆ ಮಕ್ಕಳು ಒಂದು ಯೋಚನೆ ಮಾಡಿದರು. ಕ್ಯಾಬಿನ್ನನ್ನು ಅದೇ ಸೈಟಿನ ಬೇರೊಂದು ಭಾಗಕ್ಕೆ ಸಾಗಿಸೋಣ, ಅದರ ಖರ್ಚಿಗೆ ಖಾಲಿ ಸೈಟನ್ನು ಮಾರೋಣ. ಮಾರಹೊರಟಾಗ ಗೊತ್ತಾಯಿತು, ಮಾರುವುದಕ್ಕೆ ಎರಡನೆಯ ಸೈಟೇ ಇಲ್ಲವೆಂದು! ಜಿಲ್ಲಾ ಮಂಡಲಿಯ ಮುಂದೆ ವಿನಾಯಿತಿಗೆ ಅರ್ಜಿ ಹಾಕಿದರು. ಮಂಡಲಿ ಒಪ್ಪಲಿಲ್ಲ, ರಾಜ್ಯದ ಮೇಲ್ಮನವಿ ನ್ಯಾಯಾಲಯವೂ ಒಪ್ಪಲಿಲ್ಲ. ನಿಬಂಧನೆಯಿದ್ದಾಗಲೇ ಅವರು ಪತ್ರ ಬರೆಯಿಸಿಕೊಂಡಿದ್ದರಲ್ಲ. ತಾನೇ ತಂದುಕೊಂಡ ಕಷ್ಟಕ್ಕೆ ವಿನಾಯಿತಿಯಿಲ್ಲ ಎಂಬುದು ಈ ಕಾನೂನಿನ ಹಳೆಯ ಸೂತ್ರ. ಅಷ್ಟಕ್ಕೂ ನೆಲವೇನು ನಿರುಪಯುಕ್ತವಾಗಿರಲಿಲ್ಲ. ಒಂದು ಮನೆಗೆ ಅಡ್ಡಿಯಿರಲಿಲ್ಲ.

ವಿನಾಯಿತಿಯ ದಾರಿ ಮುಚ್ಚಿದ ಮೇಲೆ ಅವರು ಬೇರೆ ದಾರಿ ಹಿಡಿದರು. ಸಾರ್ವಜನಿಕ ಉಪಯೋಗಕ್ಕೆಂದು ಖಾಸಗಿ ಸ್ವತ್ತನ್ನು ತೆಗೆದುಕೊಂಡರೆ ನ್ಯಾಯವಾದ ಪರಿಹಾರ ಕೊಡಬೇಕೆಂದು ಅಮೆರಿಕದ ಸಂವಿಧಾನದ ಐದನೆಯ ತಿದ್ದುಪಡಿ ಹೇಳುತ್ತದೆ. ನದಿಯ ಚೆಲುವನ್ನು ಇಡೀ ದೇಶ ಅನುಭವಿಸುತ್ತದೆ, ಅದರ ಬೆಲೆಯನ್ನು ನಾವೊಬ್ಬರೇ ಏಕೆ ತೆರಬೇಕು ಎಂದು ಅವರು ಕೇಳಿದರು. ಮಾತು ತೆಗೆದುಹಾಕುವಂಥದಲ್ಲ. ಇಡೀ ವ್ಯಾಜ್ಯ ಕೊನೆಗೆ ಒಂದು ಎಣಿಕೆಗೆ ಬಂದು ನಿಂತಿತು: ಸೈಟು ಒಂದೋ, ಎರಡೋ? ಖಾಲಿ ಸೈಟನ್ನು ಬೇರೆಯಾಗಿ ನೋಡಿದರೆ ಅದರ ಬೆಲೆ ಬಹುಮಟ್ಟಿಗೆ ಹೋಗಿಬಿಟ್ಟಿತ್ತು. ಮಕ್ಕಳು ಮಾಡಿಸಿದ ಅಂದಾಜಿನಲ್ಲಿ ಅದು ಬರಿಯ 40,000 ಡಾಲರು. ಎರಡನ್ನೂ ಕೂಡಿಸಿ ನೋಡಿದರೆ ನಿಬಂಧನೆಯಿದ್ದೂ 6,98,300 ಡಾಲರು. ನಿಬಂಧನೆಯಿಲ್ಲದೆ ಎರಡು ಸೈಟಾಗಿದ್ದಿದ್ದರೆ 7,71,000 ಡಾಲರು. ನೂರಕ್ಕೆ ಹತ್ತರಷ್ಟೂ ನಷ್ಟವಿಲ್ಲ.

2017ರ ಜೂನ್ 23ರಂದು ಸುಪ್ರೀಂ ಕೋರ್ಟು ಐದಕ್ಕೆ ಮೂರು ಮತಗಳಿಂದ ರಾಜ್ಯದ ಪರವಾಗಿ ತೀರ್ಪು ಕೊಟ್ಟಿತು. ಬರೆದವರು ನ್ಯಾಯಮೂರ್ತಿ ಆಂಟನಿ ಕೆನಡಿ. ನೆಲವನ್ನು ಒಂದೆಂದು ಎಣಿಸಬೇಕೋ ಎರಡೆಂದೋ ಎಂಬುದಕ್ಕೆ ಬರಿಯ ಗಡಿಗೆರೆ ಸಾಲದು; ರಾಜ್ಯದ ಕಾನೂನು ಅದನ್ನು ಹೇಗೆ ಕಂಡಿದೆ, ನೆಲದ ಸ್ವರೂಪವೇನು, ಒಂದರಿಂದ ಇನ್ನೊಂದರ ಬೆಲೆ ಹೇಗೆ ಹೆಚ್ಚುತ್ತದೆ, ಈ ಮೂರನ್ನೂ ತೂಗಬೇಕು ಎಂದರು. ಭಿನ್ನಮತ ಬರೆದ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಅವರ ವಾದ ಸರಳವಾಗಿತ್ತು. ಸ್ವತ್ತಿನ ಎಲ್ಲೆಯನ್ನು ಗೊತ್ತುಮಾಡುವುದು ಪತ್ರದಲ್ಲಿರುವ ಗೆರೆ. ಅದನ್ನು ಅಳಿಸಿ ಬರೆಯುವ ಸ್ವಾತಂತ್ರ್ಯವನ್ನು ಸರಕಾರಕ್ಕೆ ಕೊಟ್ಟರೆ, ಕಸಿದುಕೊಂಡವನೇ ಕಸಿದದ್ದೆಷ್ಟೆಂದು ಲೆಕ್ಕ ಹೇಳಿದಂತಾಗುತ್ತದೆ.

ಕಥೆ ಇಲ್ಲಿಗೆ ಮುಗಿಯಿತೆಂದುಕೊಂಡೆ. ಮುಗಿದಿರಲಿಲ್ಲ. ಅದೇ 2017ರ ನವೆಂಬರಿನಲ್ಲಿ ವಿಸ್ಕಾನ್ಸಿನ್ನಿನ ಶಾಸನಸಭೆಯ ಹೊಸ ಕಾನೂನೊಂದು ಜಾರಿಗೆ ಬಂತು. ಹುಟ್ಟಿದಾಗ ಕಾನೂನುಬದ್ಧವಾಗಿದ್ದ ಸೈಟು ಈಗಿನ ಅಳತೆಗೆ ಸಾಲದಿದ್ದರೂ ಅದನ್ನು ಮಾರಬಹುದು, ಅಲ್ಲಿ ಕಟ್ಟಬಹುದು. ಒಡೆಯನ ಒಪ್ಪಿಗೆಯಿಲ್ಲದೆ ಎರಡು ಸೈಟುಗಳನ್ನು ಒಂದು ಮಾಡಕೂಡದು. ಮಂಡಲಿ ಕೊಡದ್ದನ್ನು, ನ್ಯಾಯಾಲಯಗಳು ಕೊಡದ್ದನ್ನು, ಚುನಾಯಿತ ಪ್ರತಿನಿಧಿಗಳು ಐದೇ ತಿಂಗಳಲ್ಲಿ ಕೊಟ್ಟರು. ಆದರೆ ಒಬ್ಬರಿಗೆ ಕೊಡಲಿಲ್ಲ, ರಾಜ್ಯದ ಎಲ್ಲರಿಗೂ ಕೊಟ್ಟರು. ಒಂದು ಮನೆತನದ ಮಟ್ಟಿಗೆ ಬೇಕಾಗಿದ್ದ ಸಡಿಲಿಕೆ ಇಡೀ ರಾಜ್ಯದ ದಂಡೆಗಳಿಗೆ ಹಬ್ಬಿತು.

ಇದರಲ್ಲಿ ಗೆದ್ದವರಾರು, ಸೋತವರಾರು? ನಾನು ಅನೇಕ ಸಲ ಯೋಚಿಸಿದ್ದೇನೆ. ಮೊದಲು ನನ್ನ ಮನಸ್ಸೆಲ್ಲ ಆ ಮಕ್ಕಳ ಕಡೆಗಿತ್ತು. ಗುಮಾಸ್ತನ ಮಗನಿಗೆ ಕೊಳಾಯಿ ಕೆಲಸದವನ ಮಕ್ಕಳ ಮೇಲೆ ಮರುಕ ಹುಟ್ಟುವುದು ಸಹಜ. ಆದರೆ ಆ ಭಾನುವಾರ ನಾನು ಕಂಡ ದಿಣ್ಣೆಯ ಹಸುರು ತಾನಾಗಿ ಉಳಿದದ್ದಲ್ಲ. ಅದನ್ನು ಉಳಿಸಿದ್ದರಲ್ಲಿ ಆ ಒಂದು ಎಕರೆಯ ನಿಬಂಧನೆಗೂ ಪಾಲಿದೆ. ಕೆರೆಗಳ ಅಂಗಳವನ್ನು ಹೋಳುಹೋಳಾಗಿ ಕೊಯ್ದು ಮಾರಿದ ನಗರದಿಂದ ಬಂದ ನಾನು, ಪ್ರತಿ ಹೋಳಿಗೂ ಅದರದೇ ಆದ ಕಷ್ಟವಿತ್ತೆಂಬುದನ್ನೂ ಬಲ್ಲೆ, ಆ ಕಷ್ಟಗಳನ್ನೆಲ್ಲ ಮನ್ನಿಸಿ ಮನ್ನಿಸಿ ಕೊನೆಗೆ ಕೆರೆಯೇ ಇಲ್ಲವಾದದ್ದನ್ನೂ ಬಲ್ಲೆ.

ವಿನಾಯಿತಿಯಿಲ್ಲದ ನಿಯಮ ಒಂದು ದಿನ ಒಬ್ಬ ನಿರಪರಾಧಿಯ ಮೇಲೆ ಬಿದ್ದೇ ಬೀಳುತ್ತದೆ. ಎಲ್ಲರಿಗೂ ವಿನಾಯಿತಿ ಕೊಟ್ಟ ನಿಯಮ ನಿಯಮವಾಗಿ ಉಳಿಯುವುದಿಲ್ಲ. ನೂರು ವರ್ಷಗಳ ಹಿಂದೆ ಬ್ಯಾಸೆಟ್ ಮುಂತಾದವರು ಒಂದು ಸಣ್ಣ ರಂಧ್ರವನ್ನಿಟ್ಟರಲ್ಲ, ಅದರ ಗುಟ್ಟು ಇದೇ. ಅದು ಸಣ್ಣದಾಗಿರಬೇಕು, ಆದರೆ ಕಟ್ಟಿಕೊಂಡಿರಬಾರದು. ಸೇಂಟ್ ಕ್ರಾಯ್ ಜಿಲ್ಲೆಯಲ್ಲಿ ಅದು ಕಟ್ಟಿಕೊಂಡಿತೆಂದೇ ನನಗೆ ತೋರುತ್ತದೆ. ಒಂದು ಪತ್ರದ ರುಜುವಿನಿಂದ ಆದ ಅನಾಹುತವನ್ನು ಒಂದು ಮಂಡಲಿ ಒಂದು ಮಧ್ಯಾಹ್ನದಲ್ಲಿ ಸರಿಪಡಿಸಬಹುದಾಗಿತ್ತು. ಅಲ್ಲಿ ಹೊರಡದ ಹಬೆ ಹತ್ತು ವರ್ಷ ಕೂಡಿಕೊಂಡು, ಕೊನೆಗೆ ಮುಚ್ಚಳವನ್ನೇ ಎತ್ತಿತು.

ತಂದೆಯವರು ಕೊಂಡ ಆ ಎರಡು ಸೈಟುಗಳ ಮೇಲೆ ಈಗ ನಮ್ಮಣ್ಣನದೊಂದು, ನನ್ನದೊಂದು ಮನೆಯಿದೆ. ನಡುವೆ ಇರುವ ಸಂದಿಯಲ್ಲಿ ಒಬ್ಬ ಮನುಷ್ಯ ಅಡ್ಡಡ್ಡವಾಗಿ ನಡೆದರೆ ಹೋಗಬಹುದು. ಎರಡು ಅಡುಗೆಮನೆಯ ಕಿಟಕಿಗಳೂ ಎದುರುಬದುರು. ಅಲ್ಲಿನ ಒಗ್ಗರಣೆಯ ಘಾಟು ಇಲ್ಲಿಗೆ ಬರುತ್ತದೆ, ಮಧ್ಯಾಹ್ನವೂ ದೀಪ ಹಾಕಬೇಕು. ಊರಿಂದ ಬಂದ ಮೇಲೆ ಒಂದು ಸಂಜೆ ಅಣ್ಣನಿಗೆ ಈ ಕಥೆಯನ್ನೆಲ್ಲ ಹೇಳಿದೆ. ಅವನು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಎರಡನ್ನೂ ಸೇರಿಸಿ ಒಂದೇ ಮನೆ ಕಟ್ಟಿದ್ದರೆ ನಡುವೆ ಒಂದು ಅಂಗಳವಾಗುತ್ತಿತ್ತು, ಅಲ್ಲವೇನೋ?” ಎಂದ.